ಪುಟ್ಟ ರಿವಾಲ್ವರಿಗೆ ಹಗುರ ಸೀಸದ ಗುಂಡು: ಎರಕ ಹೊಯ್ಯಬೇಕೋ ಕೊಳ್ಳಬೇಕೋ, ಹೊಯ್ದರೆ ಯಾವ ಅಚ್ಚು

ಪುಟ್ಟ ರಿವಾಲ್ವರ್ ಜೇಬಿಗೆ ಸುಖ, ಕೈಗೆ ಕಷ್ಟ. ನನ್ನ ಹತ್ತಿರ ಇರುವುದು ಸ್ಮಿತ್ ಅಂಡ್ ವೆಸನ್‌ನ ಐದು ತೋಟೆ ಹಿಡಿಯುವ .38 ಸ್ಪೆಷಲ್ (ತೋಟೆ ಅಂದರೆ ಹಿತ್ತಾಳೆ ಕೊಳವೆ, ಮದ್ದು, ತುದಿಯ ಗುಂಡು ಎಲ್ಲ ಸೇರಿದ್ದು). ಮೈ ಅಲ್ಯೂಮಿನಿಯಂ, ನಳಿಗೆ ಎರಡು ಇಂಚೂ ಇಲ್ಲ, ಖಾಲಿ ಇದ್ದಾಗ ಅರ್ಧ ಕೆಜಿಯೂ ತೂಗುವುದಿಲ್ಲ. ಮಾಮೂಲಿ 158 ಗ್ರೇನ್ ಗುಂಡಿನ ಒಂದು ಡಬ್ಬಿ, ಅಂದರೆ ಐವತ್ತು ತೋಟೆ, ಒಂದೇ ಮಧ್ಯಾಹ್ನ ಹೊಡೆದು ಮುಗಿಸಿದರೆ ಮರುದಿನ ಕಾಫಿ ಲೋಟ ಎತ್ತುವಾಗ ಹೆಬ್ಬೆರಳಿನ ಬುಡ ನೆನಪು ಮಾಡಿಕೊಡುತ್ತದೆ. ಹಗುರ ಗುಂಡಿನ ಆಸೆ ಹುಟ್ಟುವುದೇ ಇಲ್ಲಿ. ಒದೆತ ಕಡಿಮೆ, ಸೀಸವೂ ಕಡಿಮೆ ಸಾಕು, ಮನೆಯಲ್ಲೇ ಎರಕ ಹೊಯ್ದುಕೊಂಡರೆ ಇನ್ನೂ ಅಗ್ಗ ಅಂತ ಲೆಕ್ಕ ಹಾಕಿಯೇ ನಾನೂ ಶುರು ಮಾಡಿದ್ದು. ನಾಲ್ಕು ವರ್ಷ ಆಯಿತು. ಆ ಲೆಕ್ಕದಲ್ಲಿ ಅರ್ಧ ನಿಜ, ಅರ್ಧ ಸುಳ್ಳು.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ನಾನಿರುವುದು ಟೆಕ್ಸಸ್‌ನಲ್ಲಿ, ಹ್ಯೂಸ್ಟನ್ ಹತ್ತಿರ. ಅಮೆರಿಕದಲ್ಲಿ ಸ್ವಂತ ಬಳಕೆಗೆ ಗುಂಡು ಎರೆದುಕೊಳ್ಳಲು ಕೇಂದ್ರ ಸರ್ಕಾರದ ಲೈಸೆನ್ಸ್ ಬೇಡ, ತೋಟೆ ಮಾಡಿ ಮಾರಲು ಹೊರಟರೆ ಬೇಕು. ಆದರೆ ಎಚ್-1ಬಿ ತರಹದ ವೀಸಾದಲ್ಲಿ ಇರುವವರಿಗೆ ಬಂದೂಕು ಬಿಡಿ, ತೋಟೆ ಇಟ್ಟುಕೊಳ್ಳುವುದೇ ಸಾಮಾನ್ಯವಾಗಿ ಅಪರಾಧ. ಬೇಟೆ ಲೈಸೆನ್ಸ್ ಇರುವವರಿಗೆ ಅಂತ ಕೆಲವು ವಿನಾಯಿತಿ ಇವೆ, ಅದನ್ನು ವಕೀಲರ ಹತ್ತಿರ ಕೇಳಿ, ನನ್ನ ಹತ್ತಿರ ಅಲ್ಲ. ನಾನು ಗ್ರೀನ್ ಕಾರ್ಡ್ ಬರುವ ತನಕ ಇದರ ತಂಟೆಗೆ ಹೋಗಿರಲಿಲ್ಲ. ಇನ್ನು ಊರಲ್ಲಿ ಇರುವವರಿಗೆ: 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟೆ ತಯಾರಿಸಲು ಲೈಸೆನ್ಸ್ ಬೇಕೇ ಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಇಟ್ಟುಕೊಳ್ಳಲು, ಗುಂಡು ಎರೆಯಲು ಅಲ್ಲ. ನಮ್ಮ ಸುಳ್ಯದ ಮನೆಯ ತೋಟೆಕೋವಿ ಚುನಾವಣೆ ಬಂದಾಗಲೆಲ್ಲ ಠಾಣೆಗೆ ಹೋಗಿ ಕೂತು ಬರುತ್ತದೆ, ಅಲ್ಲಿನ ಕಟ್ಟುನಿಟ್ಟು ಗೊತ್ತಲ್ವಾ. ಅಲ್ಲಿರುವವರು ಇದನ್ನು ಸುಮ್ನೆ ಓದಲಿಕ್ಕೆ ಇಟ್ಟುಕೊಳ್ಳಿ.

ಹಗುರ ಅಂದರೆ ಎಷ್ಟು ಹಗುರ

ಗುಂಡಿನ ತೂಕ ಗ್ರೇನ್‌ನಲ್ಲಿ ಹೇಳುತ್ತಾರೆ. 7000 ಗ್ರೇನ್ ಸೇರಿದರೆ ಒಂದು ಪೌಂಡ್. .38 ಸ್ಪೆಷಲ್‌ನ ಹಳೆಯ ಮಾಮೂಲಿ ಗುಂಡು 158, ಅಂದರೆ ಹತ್ತು ಗ್ರಾಂ ಮೇಲೆ ಚೂರು. ಮನೆಯಲ್ಲಿ ಎರೆಯುವವರು ಹಗುರ ಅಂದಾಗ ಹೆಚ್ಚಾಗಿ ಹೇಳುವುದು 105 ಅಥವಾ 125. ಜೊತೆಗೆ ಎರಡೂ ಕಡೆ ಚಪ್ಪಟೆಯಾದ 148ರ ವ್ಯಾಡ್‌ಕಟರ್ ಕೂಡ ಈ ಮಾತಿನಲ್ಲಿ ಬಂದೇ ಬರುತ್ತದೆ. ತೂಕದಲ್ಲಿ ಅದು ಹಗುರ ಅಲ್ಲ, ಆದರೆ ಅದನ್ನು ನಿಧಾನಕ್ಕೆ ಹೊಡೆಯುವುದರಿಂದ ಕೈಗೆ ಹಗುರ.

105ರ ಅಚ್ಚೇ ನಾನು ಮೊದಲು ಕೊಂಡದ್ದು. ಲೀ ಕಂಪನಿಯ, ಮೊಟಕು ಮೂತಿಯ ಸೆಮಿ ವ್ಯಾಡ್‌ಕಟರ್, ಎರಡು ಕುಳಿಯ ಅಲ್ಯೂಮಿನಿಯಂ ಅಚ್ಚು. ಲೆಕ್ಕ ಚೆಂದವಿತ್ತು: ಸಾವಿರ ಗುಂಡಿಗೆ 15 ಪೌಂಡ್ ಸೀಸ ಸಾಕು, 158ಕ್ಕಾದರೆ ಇಪ್ಪತ್ತೆರಡೂವರೆ ಬೇಕು. ಒಂದೇ ವೇಗದಲ್ಲಿ ಹೋದರೆ ಕೈಗೆ ಬರುವ ನೂಕು ಸರಿಸುಮಾರು ಮೂರನೇ ಒಂದು ಭಾಗ ಕಡಿಮೆ. ಹೊಡೆದು ನೋಡಿದರೆ ಕೈಗೆ ನಿಜಕ್ಕೂ ಆರಾಮ. ಆದರೆ ಗುರಿಹಲಗೆ ನೋಡಿದರೆ ಎಲ್ಲ ತೂತುಗಳೂ ಕೆಳಗೆ. ಏಳು ಗಜದಲ್ಲಿ ಎರಡು ಇಂಚು, ಹದಿನೈದಕ್ಕೆ ಹೋದರೆ ಇನ್ನೂ ಜಾಸ್ತಿ. ನಾನು ಟ್ರಿಗರ್ ಜಗ್ಗುತ್ತಿದ್ದೇನೆ ಅಂತ ಎರಡು ವಾರ ನನ್ನನ್ನೇ ಬೈದುಕೊಂಡೆ.

ತಪ್ಪು ನನ್ನದಾಗಿರಲಿಲ್ಲ. ಮದ್ದು ಹೊತ್ತಿಕೊಂಡ ಕ್ಷಣದಿಂದಲೇ ರಿವಾಲ್ವರಿನ ಮೂತಿ ಮೇಲೇಳಲು ಶುರುವಾಗುತ್ತದೆ. ಗುಂಡು ಇನ್ನೂ ನಳಿಗೆಯ ಒಳಗೇ ಇರುತ್ತದೆ. ಭಾರದ, ನಿಧಾನದ ಗುಂಡು ಒಳಗೆ ಸ್ವಲ್ಪ ಹೆಚ್ಚು ಹೊತ್ತು ಇದ್ದು, ಮೂತಿ ಮೇಲೆದ್ದ ಮೇಲೆ ಹೊರಬೀಳುತ್ತದೆ. ಹಗುರದ್ದು ಬೇಗ ಹೊರಬೀಳುತ್ತದೆ, ಒದೆತವೂ ಕಡಿಮೆ, ಹಾಗಾಗಿ ಕೆಳಗೆ ಹೊಡೆಯುತ್ತದೆ. ಈ ಪುಟ್ಟ ರಿವಾಲ್ವರುಗಳಲ್ಲಿ ಹಿಂದಿನ ಸೈಟ್, ಅಂದರೆ ಗುರಿ ನೋಡುವ ಗುರುತು, ಮೈಮೇಲೆ ಕೊರೆದ ಒಂದು ಗೀರು, ಮುಂದಿನದ್ದು ನಳಿಗೆಯ ಭಾಗವೇ. ತಿರುಪು ಇಲ್ಲ, ಏರಿಸಿ ಇಳಿಸುವ ಹಾಗಿಲ್ಲ. ಹಳೆಯ .38ಗಳ ಸೈಟ್ ಹೊಂದಿಸಿರುವುದು 158ಕ್ಕೆ. ಮುಂದಿನ ಸೈಟನ್ನು ಅರದಿಂದ ಉಜ್ಜಿ ತಗ್ಗಿಸಿದರೆ ಗುಂಡು ಮೇಲೆ ಬೀಳುತ್ತದೆ ನಿಜ, ಆದರೆ ಆಮೇಲೆ 158 ಹಾಕಿದರೆ ತಲೆಯ ಮೇಲೆ ಹೋಗುತ್ತದೆ. ಉಜ್ಜಿದ್ದನ್ನು ವಾಪಸ್ ಅಂಟಿಸಲು ಆಗುವುದಿಲ್ಲವಲ್ಲ.

ಇನ್ನೊಂದು ಕಾಟ ಎರಕದ ಹೊತ್ತಿಗೇ ಗೊತ್ತಾಗುತ್ತದೆ. 105ರ ಕುಳಿ ಚಿಕ್ಕದು, ಸುತ್ತಲಿನ ಅಚ್ಚಿನ ಲೋಹ ಜಾಸ್ತಿ. ಪ್ರತಿ ಸಲ ಸುರಿಯುವ ಚೂರು ಸೀಸದ ಬಿಸಿಯಿಂದ ಅಚ್ಚು ಕಾದೇ ಇರಬೇಕೆಂದರೆ ಕೈ ನಿಲ್ಲಿಸುವ ಹಾಗಿಲ್ಲ. ನಡುವೆ ಗುಂಡು ಎತ್ತಿ ಮೆಚ್ಚಿಕೊಳ್ಳುತ್ತಾ ಕೂತರೆ ಅಚ್ಚು ಆರಿ, ಮುಂದಿನ ನಾಲ್ಕು ಗುಂಡು ಸುಕ್ಕು.

125 ಅನ್ನುವುದು 105ಕ್ಕೂ 158ಕ್ಕೂ ನಡುವಿನದ್ದು. ಚಪ್ಪಟೆ ಮೂತಿಯ ದುಂಡು ಗುಂಡು, ಸಾವಿರಕ್ಕೆ ಸುಮಾರು 18 ಪೌಂಡ್ ಸೀಸ. ಏಳು ಗಜದಲ್ಲಿ ಗುರಿಗಿಂತ ಅರ್ಧ-ಮುಕ್ಕಾಲು ಇಂಚು ಕೆಳಗೆ ಬೀಳುತ್ತದೆ ನನ್ನದರಲ್ಲಿ. ಅದನ್ನು ನಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ, ನನ್ನ ಕೈ ಅದಕ್ಕಿಂತ ಜಾಸ್ತಿ ನಡುಗುತ್ತದೆ. ಮೂತಿ ಸ್ವಲ್ಪ ದುಂಡಗಿರುವುದರಿಂದ, ಎಲ್ಲ ತೋಟೆ ಒಮ್ಮೆಗೇ ತುಂಬುವ ಸ್ಪೀಡ್‌ಲೋಡರಿನಲ್ಲಿ ಐದೂ ಸರಕ್ಕನೆ ಒಳಗೆ ಇಳಿಯುತ್ತವೆ.

148 ವ್ಯಾಡ್‌ಕಟರ್ ಅಂದರೆ ಮೂತಿಯೇ ಇಲ್ಲದ ಗುಂಡು, ಎರಡೂ ಕಡೆ ಚಪ್ಪಟೆ, ಸಣ್ಣ ಡಬ್ಬಿಯ ಹಾಗೆ. ಕಾಗದದಲ್ಲಿ ಪಂಚಿಂಗ್ ಮೆಷಿನ್ ಒತ್ತಿದ ಹಾಗೆ ದುಂಡನೆ ತೂತು ಬೀಳುತ್ತದೆ. ಗುರಿ ಸ್ಪರ್ಧೆಯವರು ಬಹಳ ಕಾಲದಿಂದ ಇದನ್ನೇ ನೆಚ್ಚಿಕೊಂಡಿದ್ದಾರೆ, ಅದಕ್ಕೆ ಕಾರಣ ಇದೆ: ನನ್ನ ರಿವಾಲ್ವರಿನಲ್ಲೂ ತೂತುಗಳು ಅತಿ ಒತ್ತೊತ್ತಾಗಿ ಬೀಳುವುದು ಇದರಲ್ಲೇ. ಕಷ್ಟ ಏನೆಂದರೆ ತೋಟೆ ತುಂಬುವಾಗ ಅದರ ಚೂಪು ಅಂಚು, ತೋಟೆ ಕೂರುವ ತಿರುಗು ಸಿಲಿಂಡರಿನ ಬಾಯಿಗೆ ತಾಗಿ ತಾಗಿ ನಿಲ್ಲುತ್ತದೆ. ಗಡಿಬಿಡಿಯಿಲ್ಲದ ಭಾನುವಾರದ ಆಟಕ್ಕೆ ಅದೇನು ದೊಡ್ಡ ವಿಷಯ ಅಲ್ಲ.

ಭಾರದ ಗುಂಡಿನ ಕಡೆಗೂ ಒಂದು ದೂರಿದೆ, ಹಗುರ ರಿವಾಲ್ವರ್ ಇರುವವರು ತಿಳಿದಿರಬೇಕು. ತೀರಾ ಹಗುರ ರಿವಾಲ್ವರ್ ಜೋರಾಗಿ ಹಿಂದಕ್ಕೆ ಒದ್ದಾಗ, ಇನ್ನೂ ಹೊಡೆಯದ ತೋಟೆಗಳೂ ಅದರ ಜೊತೆ ಹಿಂದಕ್ಕೆ ಹೋಗುತ್ತವೆ, ಆದರೆ ಒಳಗಿನ ಭಾರದ ಗುಂಡು ನಿಂತಲ್ಲೇ ನಿಲ್ಲಲು ನೋಡುತ್ತದೆ. ಹಿತ್ತಾಳೆ ಕೊಳವೆಯ ಬಾಯಿ ಸರಿಯಾಗಿ ಒತ್ತಿರದಿದ್ದರೆ ಗುಂಡು ಮುಂದಕ್ಕೆ ಜಾರಿ, ಸಿಲಿಂಡರಿನಿಂದ ಮೂತಿ ಹೊರಹಾಕಿ, ಸಿಲಿಂಡರ್ ತಿರುಗದ ಹಾಗೆ ಸಿಕ್ಕಿಕೊಳ್ಳುತ್ತದೆ. ಹಗುರ ಗುಂಡಿಗೆ ಈ ರೋಗ ಕಡಿಮೆ. ಹಾಗಂತ ಎಲ್ಲ ಹಗುರ ರಿವಾಲ್ವರಿಗೂ ಹಗುರ ಗುಂಡೇ ಸರಿ ಅನ್ನಬೇಡಿ. ಸ್ಮಿತ್ ಅಂಡ್ ವೆಸನ್‌ನ ಟೈಟಾನಿಯಂ ಸಿಲಿಂಡರಿನ, .38ಕ್ಕಿಂತ ಜೋರಾದ .357 ಮ್ಯಾಗ್ನಮ್‌ಗಳ ನಳಿಗೆ ಮೇಲೆಯೇ 120 ಗ್ರೇನ್‌ಗಿಂತ ಕಡಿಮೆ ತೂಕದ ಗುಂಡು ಬೇಡ ಅಂತ ಕೊರೆದಿರುತ್ತಾರೆ. ಹಗುರ ಗುಂಡಿನ ಮ್ಯಾಗ್ನಮ್ ತೋಟೆಯ ಉರಿ ಆ ಸಿಲಿಂಡರಿನ ಮುಖವನ್ನು ತಿನ್ನುತ್ತದೆ. ನಿಮ್ಮ ನಳಿಗೆಯಲ್ಲಿ ಏನು ಬರೆದಿದೆ ಅಂತ ಅಚ್ಚು ಕೊಳ್ಳುವ ಮೊದಲು ಕನ್ನಡಕ ಹಾಕಿಕೊಂಡು ಓದಿ.

ಕೊಳ್ಳುವುದೋ, ಹೊಯ್ಯುವುದೋ

ಕೊಳ್ಳುವುದಾದರೆ ಮೂರು ಬಗೆ. ಒತ್ತಿ ಮಾಡಿದ ಮೆತ್ತನೆ ಸೀಸದ ಗುಂಡು, ಗಟ್ಟಿ ಮಿಶ್ರಲೋಹದಲ್ಲಿ ಎರೆದ ಗುಂಡು, ತಾಮ್ರದ ತೆಳು ಲೇಪದ ಗುಂಡು. ಲೇಪದ್ದು ಕೈಗೆ ಸೀಸ ತಾಗದ ಕಾರಣ ಮನೆಯಲ್ಲಿ ಮಕ್ಕಳಿರುವವರಿಗೆ ನೆಮ್ಮದಿ, ಬೆಲೆ ಮಾತ್ರ ಮೇಲೆ.

ಗಟ್ಟಿ ಇದ್ದಷ್ಟೂ ಒಳ್ಳೆಯದು ಅಂತ ನಾನೂ ನಂಬಿದ್ದೆ. ಒಂದು ಸಣ್ಣ ಕಂಪನಿಯಿಂದ ಐನೂರು ಗಟ್ಟಿ ಗುಂಡು ತರಿಸಿದೆ, ಡಬ್ಬಿ ಮೇಲೆ ದೊಡ್ಡದಾಗಿ ಗಟ್ಟಿತನದ ಅಂಕಿ ಬೇರೆ. ಐವತ್ತು ಹೊಡೆಯುವಷ್ಟರಲ್ಲಿ ನಳಿಗೆಯೊಳಗೆ ಸೀಸ ಬೆಳ್ಳಿಯ ಹಾಗೆ ಬಳಿದುಕೊಂಡಿತ್ತು, ತೆಗೆಯಲು ಒಂದು ಸಂಜೆ ಹೋಯಿತು. ಮೈಕ್ರೋಮೀಟರಿನಲ್ಲಿ ಅಳೆದರೆ ಗುಂಡಿನ ಅಡ್ಡಳತೆ .357 ಇಂಚಿಗಿಂತಲೂ ಕೂದಲೆಳೆ ಕಡಿಮೆ. ನನ್ನ ಸಿಲಿಂಡರಿನ ಬಾಯಿಗೆ .358 ಬೇಕು. ಸಣ್ಣ ಗುಂಡಿನ ಪಕ್ಕದಿಂದ ಬಿಸಿ ಅನಿಲ ನುಗ್ಗಿ ಸೀಸವನ್ನು ಕರಗಿಸಿ ನಳಿಗೆಗೆ ಬಳಿಯುತ್ತದೆ. ಮೆತ್ತನೆ ಗುಂಡಾದರೆ ಒತ್ತಡಕ್ಕೆ ಬುಡ ಸ್ವಲ್ಪ ಅರಳಿ ಸಂದು ಮುಚ್ಚುತ್ತದೆ, .38ರ ಸಣ್ಣ ಒತ್ತಡಕ್ಕೆ ಗಟ್ಟಿ ಗುಂಡು ಅರಳುವುದೇ ಇಲ್ಲ. ಅಳತೆ ಮೊದಲು, ಗಟ್ಟಿತನ ಆಮೇಲೆ. ಮನೆಯಲ್ಲಿ ಎರೆಯುವುದರ ನಿಜವಾದ ಲಾಭ ಇಲ್ಲೇ ಇದೆ: ನಿಮ್ಮ ರಿವಾಲ್ವರಿನ ಬಾಯಿಗೆ ಹೊಂದುವ ಅಳತೆ, ನಿಮಗೆ ಬೇಕಾದ ಮೆತ್ತನೆ.

ದುಡ್ಡಿನ ಲಾಭ? ನನಗೆ ಸೀಸ ಸಿಕ್ಕಿದ್ದು ಪೌಂಡಿಗೆ 2 ಡಾಲರ್ ಲೆಕ್ಕದಲ್ಲಿ. ಒಂದು ಪೌಂಡಿಗೆ 105ರ 66 ಗುಂಡು, 125ರ 56. ಅಂದರೆ ಒಂದಕ್ಕೆ ಮೂರು-ಮೂರೂವರೆ ಸೆಂಟ್. ಕೇಳಲು ಚೆಂದ. ಆದರೆ ಕರಗಿಸುವ ಪಾತ್ರೆ, ಅಚ್ಚು, ಅಳತೆಗೆ ತರುವ ಡೈ, ಕೈಗವಸು, ಮುಖದ ಗುರಾಣಿ ಎಲ್ಲ ಸೇರಿ 250 ಡಾಲರ್ ಮೊದಲೇ ಹೋಗಿತ್ತು. ಎರಡು ಕುಳಿಯ ಅಚ್ಚಿನಲ್ಲಿ ಗಂಟೆಗೆ ಇನ್ನೂರು ಗುಂಡು ದಾಟಿಸಲು ನನಗೆ ಇವತ್ತಿಗೂ ಆಗಿಲ್ಲ, ಅದರಲ್ಲೂ ಹತ್ತರಲ್ಲಿ ಒಂದು ವಾಪಸ್ ಪಾತ್ರೆಗೆ. ತಿಂಗಳಿಗೆ ನೂರು ತೋಟೆ ಹೊಡೆಯುವವರು ಇದಕ್ಕೆ ಇಳಿಯಬೇಡಿ. ಮುನ್ನೂರು ದಾಟುವವರಿಗೆ, ಮತ್ತು ಕಾದ ಲೋಹದ ಮುಂದೆ ಕೂತಿರುವುದೇ ಇಷ್ಟ ಅನ್ನುವವರಿಗೆ ಮಾತ್ರ ಇದು ಹೊಂದುತ್ತದೆ. ನಾನು ಎರಡನೇ ಗುಂಪು.

ಸೀಸ, ತವರ, ಅಚ್ಚು

ಶುದ್ಧ ಸೀಸ ಉಗುರಿನಲ್ಲಿ ಗೀರಿದರೆ ಗೆರೆ ಬೀಳುತ್ತದೆ, ಸಿಮೆಂಟ್ ನೆಲಕ್ಕೆ ಹಾಕಿದರೆ ದೊಪ್ಪನೆ ಸದ್ದು. ಆಂಟಿಮನಿ ಅನ್ನುವ ಧಾತು ಬೆರೆತ ಗಟ್ಟಿ ಸೀಸ ಟಣ್ ಅನ್ನುತ್ತದೆ. ಹಿಂದೆಲ್ಲ ಎಲ್ಲರೂ ಬಳಸುತ್ತಿದ್ದದ್ದು ಕಾರಿನ ಚಕ್ರಕ್ಕೆ ಸಿಕ್ಕಿಸುವ ತೂಕದ ತುಂಡುಗಳನ್ನು, ಟೈರ್ ಅಂಗಡಿಯವರು ಬಕೆಟ್‌ಗಟ್ಟಲೆ ಸುಮ್ನೆ ಕೊಡುತ್ತಿದ್ದರಂತೆ. ಕ್ಯಾಲಿಫೋರ್ನಿಯಾದಲ್ಲಿ 2010ರಿಂದ ಸೀಸದ ಚಕ್ರತೂಕಕ್ಕೆ ನಿಷೇಧ ಬಂತು, ಬೇರೆ ಕೆಲವು ರಾಜ್ಯಗಳೂ ಅದೇ ದಾರಿ ಹಿಡಿದವು. ಈಗ ಬಕೆಟ್ ತಂದರೆ ಅರ್ಧ ಸತು, ಕಾಲು ಕಬ್ಬಿಣ. ಸತು ಒಂದಿಷ್ಟು ಸೇರಿದರೂ ಸೀಸ ಗಂಜಿಯಂತಾಗಿ ಅಚ್ಚು ತುಂಬುವುದಿಲ್ಲ. ಸೀಸ ಕರಗುವುದು 327 ಡಿಗ್ರಿಗೆ, ಸತು 420ರ ಹತ್ತಿರ (ಇಲ್ಲಿ ಹೇಳುವ ಡಿಗ್ರಿಯೆಲ್ಲ ಸೆಲ್ಸಿಯಸ್). ಹಾಗಾಗಿ ಥರ್ಮಾಮೀಟರ್ ಇಟ್ಟುಕೊಂಡು 380ರ ಒಳಗೆ ಕರಗಿಸಿದರೆ ಸತುವಿನ ತುಂಡು ತೇಲುತ್ತದೆ, ಸೌಟಿನಲ್ಲಿ ಎತ್ತಿ ಬಿಸಾಡಬಹುದು. ಹಳೆ ಕಾರ್ ಬ್ಯಾಟರಿಯ ಸೀಸವನ್ನು ಮಾತ್ರ ಯಾರು ಬಿಟ್ಟಿ ಕೊಟ್ಟರೂ ಮುಟ್ಟಬೇಡಿ. ಆಸಿಡ್ ಇರಲಿ, ಅದರ ಕಿಟ್ಟದಿಂದ ವಿಷದ ಅನಿಲ ಬರುವ ಅಪಾಯ ಇದೆ.

.38ಕ್ಕೆ ಚಕ್ರತೂಕದ ಸೀಸವೇ ಬೇಕಾದಷ್ಟು ಗಟ್ಟಿ. ಅರ್ಧ ಅದು, ಅರ್ಧ ಮೆತ್ತನೆ ಸೀಸ, ನೂರಕ್ಕೆ ಎರಡು ಪಾಲು ತವರ ಹಾಕಿ ನಾನು ಎರೆಯುವುದು. ತವರ ಹಾಕಿದರೆ ಸೀಸ ಸಲೀಸಾಗಿ ಹರಿದು ಮೂಲೆ ಮೂಲೆ ತುಂಬುತ್ತದೆ, ಚಿಕ್ಕ ಕುಳಿಗೆ ಇದು ತುಂಬಾ ಮುಖ್ಯ. ಅದಕ್ಕಿಂತ ಜಾಸ್ತಿ ಹಾಕುವುದು ದುಡ್ಡು ದಂಡ.

ಅಚ್ಚಿನಲ್ಲಿ ಅಲ್ಯೂಮಿನಿಯಂ ಬೇಗ ಕಾಯುತ್ತದೆ, ಕೈಗೆ ಹಗುರ, ಬೆಲೆಯೂ ಕಡಿಮೆ, ಒರಟಾಗಿ ಬಳಸಿದರೆ ಮಾತ್ರ ಸವೆಯುತ್ತದೆ. ಕಬ್ಬಿಣದ್ದು ಎಣ್ಣೆ ಸವರಿ ಇಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ, ಎಣ್ಣೆ ಮರೆತರೆ ಹ್ಯೂಸ್ಟನ್ನಿನ ಗಾಳಿಗೆ ಒಂದೇ ವಾರದಲ್ಲಿ ತುಕ್ಕು. ಹಿತ್ತಾಳೆಯದ್ದು ಚೆಂದ, ದುಬಾರಿ, ಒಂದು ಗಂಟೆ ಹಿಡಿದರೆ ಮಣಿಕಟ್ಟು ಬಿದ್ದುಹೋಗುತ್ತದೆ. ಮೊದಲ ಅಚ್ಚಿಗೆ ಅಲ್ಯೂಮಿನಿಯಂ ಸಾಕು.

ನಳಿಗೆಯಲ್ಲಿ ಸಲೀಸಾಗಿ ಜಾರಲು ಗುಂಡಿಗೆ ಒಂದು ಲೇಪ ಬೇಕು. ಮೇಣದಂತಹ ದ್ರವದಲ್ಲಿ ಹೊರಳಿಸಿ ಒಣಗಿಸುವುದು ಸುಲಭ, ಆದರೆ ಕೈಗೆಲ್ಲ ಅಂಟು, ಹೊಡೆದಾಗ ಹೊಗೆ. ಬಣ್ಣದ ಪುಡಿ ಬಳಿದು ಹಳೆ ಟೋಸ್ಟರ್ ಓವನ್‌ನಲ್ಲಿ 200 ಡಿಗ್ರಿಗೆ ಇಪ್ಪತ್ತು ನಿಮಿಷ ಬೇಯಿಸುವುದು ಈಗಿನ ರೂಢಿ. ಹೊಗೆ ಇಲ್ಲ, ಬೆರಳಿಗೆ ಸೀಸ ತಾಗುವುದೂ ಕಡಿಮೆ. ಆ ಓವನ್ ಮತ್ತೆ ಅಡುಗೆಮನೆ ಕಡೆ ತಲೆ ಹಾಕಬಾರದು. ನಮ್ಮ ಮನೆಯಲ್ಲಿ ಅದರ ಮೇಲೆ ಕೆಂಪು ಬಣ್ಣದಲ್ಲಿ ವಿಷ ಅಂತ ಬರೆದಿದ್ದೇನೆ, ಕನ್ನಡದಲ್ಲೇ.

ನೀರು

ದೋಸೆ ಹೊಯ್ಯುವವರಿಗೆ ಎರಕ ಬೇಗ ಅರ್ಥವಾಗುತ್ತದೆ. ಮೊದಲ ದೋಸೆ ಹರಿಯುವ ಹಾಗೆ ಮೊದಲ ಹತ್ತು ಗುಂಡು ಸುಕ್ಕು ಸುಕ್ಕು, ಯಾಕೆಂದರೆ ಅಚ್ಚು ಕಾದಿಲ್ಲ. ಗುಂಡಿನ ಮೈ ಮಂಜು ಕೂತ ಹಾಗೆ ಬೆಳ್ಳಗಾದರೆ ಕಾವು ಜಾಸ್ತಿ ಆಗಿದೆ. ನಡುವಿನ ಹದದಲ್ಲಿ ಹೊಳೆಯುತ್ತಾ ಬೀಳುತ್ತವೆ. ಆದರೆ ಕಾವಲಿ ಕಾದಿದೆಯೋ ಅಂತ ನಾವು ನೋಡುವುದು ಹೇಗೆ? ನಾಲ್ಕು ಹನಿ ನೀರು ಚಿಮುಕಿಸಿ. ಆ ಅಭ್ಯಾಸವನ್ನು ಗ್ಯಾರೇಜಿನ ಬಾಗಿಲಲ್ಲೇ ಬಿಟ್ಟು ಬರಬೇಕು. ಕರಗಿದ ಸೀಸದ ಒಳಗೆ ಒಂದು ಹನಿ ನೀರು ಹೋದರೆ ಅದು ಆ ಕ್ಷಣವೇ ಹಬೆಯಾಗಿ ಹಿಗ್ಗಿ, ಪಾತ್ರೆಯ ಸೀಸವನ್ನೆಲ್ಲ ಮೇಲಕ್ಕೆ ಎರಚುತ್ತದೆ.

ನನಗೆ ಆದದ್ದು ಹೀಗೆ. ಜುಲೈ ತಿಂಗಳು, ಇಲ್ಲಿನ ಸೆಕೆ ಮಂಗಳೂರಿನದ್ದೇ. ಒಳಗೆ ಏಸಿ ರೂಮಿನಲ್ಲಿಟ್ಟಿದ್ದ ಸೀಸದ ಗಟ್ಟಿಯನ್ನು ತಂದು ನೇರ ಪಾತ್ರೆಗೆ ಇಳಿಸಿದೆ. ತಣ್ಣನೆ ಸೀಸದ ಮೇಲೆ ಹೊರಗಿನ ತೇವ ಹನಿಗಟ್ಟಿತ್ತು, ಲೋಟದ ಹೊರಗೆ ಬೆವರಿದ ಹಾಗೆ. ಪಟ್ ಅಂತ ಒಂದು ಸದ್ದು. ತಲೆ ಎತ್ತಿದರೆ ಗ್ಯಾರೇಜಿನ ಸೂರಿನಲ್ಲಿ ಬೆಳ್ಳಿ ಚುಕ್ಕಿಗಳು. ಗುರಾಣಿಯ ಮೇಲೆ ಮೂರು, ಬಲ ಕಣ್ಣಿನ ನೇರಕ್ಕೆ ಒಂದು. ಆವತ್ತಿನಿಂದ ಹೊಸ ಗಟ್ಟಿಯನ್ನು ಪಾತ್ರೆಯ ಅಂಚಿನ ಮೇಲೆ ಹತ್ತು ನಿಮಿಷ ಕಾಯಿಸಿಯೇ ಇಳಿಸುವುದು. ಹಣೆಗೆ ಬಟ್ಟೆ ಕಟ್ಟಿಕೊಳ್ಳುತ್ತೇನೆ, ಬೆವರೂ ನೀರೇ ತಾನೆ. ಪೂರ್ತಿ ತೋಳಿನ ಹತ್ತಿ ಅಂಗಿ, ಚರ್ಮದ ಶೂ. ಚಪ್ಪಲಿ ಹಾಕಿಕೊಂಡು ಎರಕಕ್ಕೆ ಕೂರುವವರನ್ನು ದೇವರೇ ಕಾಪಾಡಬೇಕು.

ಸೀಸದ ಹೊಗೆಗೆ ಎಲ್ಲರೂ ಹೆದರುತ್ತಾರೆ. ಎರಕದ ಕಾವಿನಲ್ಲಿ ಸೀಸ ಆವಿಯಾಗುವುದು ತೀರಾ ಕಡಿಮೆ, ಅದು ಕುದಿಯಲು 1700 ಡಿಗ್ರಿ ದಾಟಬೇಕು. ಗಾಳಿ ಆಡುವ ಕಡೆ ಕೂರಬೇಕು ನಿಜ, ಆದರೆ ದೊಡ್ಡ ಅಪಾಯ ಧೂಳು. ಮೇಲೆ ಕೆನೆಗಟ್ಟುವ ಬೂದು ಕಿಟ್ಟದ ಪುಡಿ ಬೆರಳಿಗೆ, ಬೆರಳಿನಿಂದ ಬಾಯಿಗೆ, ಅಂಗಿಯಿಂದ ಮಗುವಿನ ಕೆನ್ನೆಗೆ. ಮಕ್ಕಳ ರಕ್ತದಲ್ಲಿ ಒಂದು ಡೆಸಿಲೀಟರಿಗೆ 3.5 ಮೈಕ್ರೋಗ್ರಾಂ ಸೀಸ ಇದ್ದರೇ ಗಮನ ಕೊಡಿ ಅಂತ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2021ರಲ್ಲಿ ಮಿತಿ ಇಳಿಸಿತು. ಹಾಗಾಗಿ ಅಲ್ಲಿ ಕೂತು ಚಹಾ ಇಲ್ಲ, ಚಕ್ಕುಲಿ ಇಲ್ಲ. ಕೆಲಸ ಮುಗಿದ ಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಪೊರಕೆ ಹಿಡಿಯಬೇಡಿ. ಅಂಗಿಯನ್ನು ಬೇರೆ ಒಗೆಯಿರಿ. ಗಾಳಿ ಆಡುವ ಶೆಡ್ಡಾಗಲಿ ಗ್ಯಾರೇಜಾಗಲಿ ಇಲ್ಲದ ಅಪಾರ್ಟ್‌ಮೆಂಟಿನವರು ಕೊಂಡೇ ಹೊಡೆಯಿರಿ, ಇದರಲ್ಲಿ ಎರಡನೇ ಮಾತಿಲ್ಲ.

ಮದ್ದಿನ ಅಳತೆ ಇಲ್ಲಿ ಬರೆಯುವುದಿಲ್ಲ. ಮನೆಯಲ್ಲಿ ತೋಟೆ ತುಂಬುವವರಿಗೆ ಅಂತ ಅಚ್ಚಾದ ರೀಲೋಡಿಂಗ್ ಮ್ಯಾನುಯಲ್‌ನಲ್ಲಿ ನಿಮ್ಮ ಗುಂಡಿನದ್ದೇ ತೂಕ, ಅದೇ ಆಕಾರ ನೋಡಿ ತೆಗೆದುಕೊಳ್ಳಿ, 125ರ ಅಳತೆಯನ್ನು 148ಕ್ಕೆ ಅಂದಾಜಿನಲ್ಲಿ ಎಳೆಯಬೇಡಿ. .38 ಸ್ಪೆಷಲ್ ಹುಟ್ಟಿದ್ದು 19ನೇ ಶತಮಾನದ ಕೊನೆಯಲ್ಲಿ, ಆ ಕೊಳವೆ ಕಪ್ಪು ಮದ್ದಿನ ಕಾಲದ ಅಳತೆಯದ್ದು, ಒಳಗೆ ಜಾಗ ತುಂಬಾ. ಈಗಿನ ಮದ್ದು ತಳದಲ್ಲಿ ಚಿಟಿಕೆಯಷ್ಟು ಕೂರುತ್ತದೆ, ತಪ್ಪಿ ಎರಡು ಸಲ ಬಿದ್ದರೂ ಹೊರಗಿನಿಂದ ಗೊತ್ತಾಗುವುದಿಲ್ಲ. ಗುಂಡು ಕೂರಿಸುವ ಮೊದಲು ಐವತ್ತಕ್ಕೆ ಐವತ್ತರ ಒಳಗೂ ಟಾರ್ಚ್ ಬಿಟ್ಟು ನೋಡಿ.

ಕೊನೆಗೆ ಯಾವುದು ಅಂತ ಕೇಳಿದರೆ, ಗೀರು ಸೈಟಿನ ಪುಟ್ಟ .38 ಇರುವವರಿಗೆ 125. ಮೊದಲು ಅದೇ ತೂಕದ ಐನೂರು ಗುಂಡು ಕೊಂಡು ಹೊಡೆದು, ಎಲ್ಲಿ ಬೀಳುತ್ತದೆ ನೋಡಿ, ಆಮೇಲೆ ಅಚ್ಚು ತರಿಸಿ. ನಾನು ಉಲ್ಟಾ ಮಾಡಿದ್ದು. ಬರೀ ಕಾಗದಕ್ಕೆ ಹೊಡೆಯುವವರು, ತೋಟೆ ತುಂಬಲು ಅವಸರ ಇಲ್ಲದವರು ಕಣ್ಣು ಮುಚ್ಚಿ 148 ವ್ಯಾಡ್‌ಕಟರ್ ತೆಗೆದುಕೊಳ್ಳಿ. .32 ಕ್ಯಾಲಿಬರಿನ ರಿವಾಲ್ವರ್ ಇದ್ದರೆ ಈ ತಲೆಬಿಸಿಯೇ ಇಲ್ಲ, .32 ಲಾಂಗ್‌ನ ಮಾಮೂಲಿ ಗುಂಡೇ 98 ಗ್ರೇನ್, ಸೈಟೂ ಅದಕ್ಕೇ ಹೊಂದಿಸಿರುತ್ತದೆ. 105 ಕೆಟ್ಟದ್ದಲ್ಲ, ತಿರುಪಿನ ಸೈಟ್ ಇರುವ ರಿವಾಲ್ವರ್ ಬೇಕು ಅಷ್ಟೇ. ನನ್ನ ಅಚ್ಚನ್ನು ಅಂಥದ್ದೊಂದು ಇಟ್ಟುಕೊಂಡಿರುವ ಪಕ್ಕದ ಬೀದಿಯ ತಾತನಿಗೆ ಕೊಟ್ಟೆ. ಸೈಟಿಗೆ ನಾಲ್ಕು ತಿರುವು ಕೊಟ್ಟು ನಡುವಿಗೇ ಹೊಡೆದರು. ಅಚ್ಚು ಅವರ ಮನೆಯಲ್ಲೇ ಇದೆ, ನಾನು ಕೇಳಿಲ್ಲ.